ಕಾರ್ಮಿಲ್ಲಾಳನ್ನು ಬರೆದ ಲೆ ಫಾನು

ಡ್ರಾಕುಲಾ ಯಾರಿಗೆ ಗೊತ್ತಿಲ್ಲ ಹೇಳಿ? ಆದರೆ ಆ ಕಾದಂಬರಿ ಬರೋದಕ್ಕೆ 25 ವರ್ಷ ಮೊದಲೇ, ಅದರ ಲೇಖಕ ಹುಟ್ಟಿದ ಡಬ್ಲಿನ್ ಊರಿನವನೇ ಆದ ಇನ್ನೊಬ್ಬ ಲೇಖಕ, ರಕ್ತ ಹೀರುವ ಹುಡುಗಿಯ ಕಥೆ ಬರೆದಿಟ್ಟಿದ್ದ. ಅವನ ಹೆಸರು ಜೋಸೆಫ್ ಶೆರಿಡನ್ ಲೆ ಫಾನು. ಈ ಸಲ ಅವನ ಬಗ್ಗೆ ಬರೆಯೋಣ ಅಂದುಕೊಂಡೆವು.

ಲೆ ಫಾನು ಹುಟ್ಟಿದ್ದು 1814ರ ಆಗಸ್ಟ್ 28ರಂದು. ತಂದೆ ಪ್ರಾಟೆಸ್ಟೆಂಟ್ ಪಾದ್ರಿ. 1826ರಲ್ಲಿ ಕುಟುಂಬ ಲಿಮೆರಿಕ್ ಪ್ರಾಂತ್ಯದ ಆಬಿಂಗ್ಟನ್ ಎಂಬ ಹಳ್ಳಿಗೆ ಹೋಯಿತು. ಸುತ್ತಲಿನ ರೈತರೆಲ್ಲ ಕ್ಯಾಥೊಲಿಕರು. ತಮ್ಮದಲ್ಲದ ಚರ್ಚಿಗೆ ಯಾಕೆ ತೆರಿಗೆ ಕಟ್ಟಬೇಕು ಅಂತ 1830ರ ದಶಕದಲ್ಲಿ ಅವರು ತಿರುಗಿಬಿದ್ದರು. ಅವರ ಪ್ರಶ್ನೆ ನ್ಯಾಯವೇ. ಆದರೆ ಪಾದ್ರಿಯ ಮನೆಯ ಹುಡುಗನಿಗೆ ತನ್ನ ಊರಲ್ಲೇ ತಾನು ಹೊರಗಿನವನಾದ. ಶಾಲೆಯೂ ಇಲ್ಲ, ಅಪ್ಪನ ಪುಸ್ತಕದ ಕಪಾಟುಗಳೇ ಅವನಿಗೆ ಶಾಲೆ.

ಮುಂದೆ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಕಾನೂನು ಓದಿದ, 1839ರಲ್ಲಿ ವಕೀಲನಾದ, ಆದರೆ ವಕೀಲಿಕೆ ಮಾಡಲೇ ಇಲ್ಲ. ಓದಿದ್ದೊಂದು, ಹಿಡಿದದ್ದೊಂದು! ಇಂಥವರು ನಮ್ಮ ಬ್ರಾಂಚಿನಲ್ಲೂ ಬೇಕಾದಷ್ಟು ಇದ್ದೇವೆ ಬಿಡಿ. ಕಥೆ ಬರೆದ, ಪತ್ರಿಕೆಗಳನ್ನು ಕೊಂಡು ನಡೆಸಿದ, ಸುಸಾನಾ ಬೆನೆಟ್ ಎಂಬಾಕೆಯನ್ನು ಮದುವೆಯಾದ. ನಾಲ್ಕು ಮಕ್ಕಳಾದವು.

ಸುಸಾನಾ ಬಹಳ ಕಾಲ ಮಾನಸಿಕ ತೊಳಲಾಟ ಅನುಭವಿಸಿದಳು. 1858ರಲ್ಲಿ ತೀರಿಕೊಂಡಳು. ಹೆಂಡತಿಗೆ ತಾನು ಇನ್ನೂ ಏನಾದರೂ ಮಾಡಬಹುದಿತ್ತು ಎಂಬ ಕೊರಗು ಲೆ ಫಾನುವನ್ನು ಹಿಡಿದುಕೊಂಡಿತು. ಮೂರು ವರ್ಷ ಒಂದು ಕಥೆಯನ್ನೂ ಬರೆಯಲಿಲ್ಲ. ಮತ್ತೆ ಬರೆಯಲು ಕೂತಾಗ ಬೇರೆಯೇ ಮನುಷ್ಯನಾಗಿದ್ದ. ಮೆರಿಯನ್ ಸ್ಕ್ವೇರಿನ ಮನೆಯಿಂದ ಹೊರಗೆ ಬರೋದೇ ಅಪರೂಪ. ಡಬ್ಲಿನ್ ಜನ ಅವನಿಗೆ ಕಣ್ಣಿಗೆ ಬೀಳದ ರಾಜಕುಮಾರ ಅಂತ ಹೆಸರಿಟ್ಟರು. ನಡುರಾತ್ರಿ ಹಾಸಿಗೆಯಲ್ಲೇ ಕೂತು, ಮೇಣದ ಬತ್ತಿಯ ಬೆಳಕಲ್ಲಿ ಬರೆಯುತ್ತಿದ್ದನಂತೆ.

ಆ ಒಂಟಿತನದಲ್ಲಿ ಹುಟ್ಟಿದ್ದು ಕಾರ್ಮಿಲ್ಲಾ. 1872ರಲ್ಲಿ ಪುಸ್ತಕದಲ್ಲಿ ಸೇರಿತು. ಆಸ್ಟ್ರಿಯಾದ ಸ್ಟಿರಿಯಾ ಕಾಡಿನ ನಡುವೆ ಒಂದು ಕೋಟೆಮನೆ. ತಾಯಿ ಇಲ್ಲದ ಲಾರಾ ಆರು ವರ್ಷದವಳಿದ್ದಾಗ ಒಂದು ರಾತ್ರಿ ಅಪರಿಚಿತ ತರುಣಿ ಬಂದು ಅವಳನ್ನು ತಬ್ಬಿ ಮಲಗಿಸುತ್ತಾಳೆ. ಆಮೇಲೆ ಎದೆಗೆ ಸೂಜಿ ಚುಚ್ಚಿದಂತಾಗಿ ಮಗು ಕಿರುಚುತ್ತದೆ. ಹನ್ನೆರಡು ವರ್ಷ ಕಳೆದ ಮೇಲೆ, ಮನೆ ಮುಂದೆ ಒಂದು ಕುದುರೆಗಾಡಿ ಮಗುಚಿ ಬೀಳುತ್ತದೆ. ಅದರಿಂದ ಇಳಿದ ಕಾರ್ಮಿಲ್ಲಾಳದು ಅದೇ ಮುಖ! ಚಿಕ್ಕಂದಿನಲ್ಲಿ ತನಗೂ ನಿನ್ನದೇ ಕನಸು ಬಿದ್ದಿತ್ತು ಅಂತಾಳೆ ಅವಳು. ಇಬ್ಬರೂ ಗೆಳತಿಯರಾಗುತ್ತಾರೆ. ಲಾರಾ ದಿನೇ ದಿನೇ ಸೊರಗುತ್ತಾ ಹೋಗುತ್ತಾಳೆ.

ಕೊನೆಗೆ ಹಿರಿಯರೆಲ್ಲ ಸೇರಿ, ಗೋರಿ ತೆಗೆದು, ಕಾರ್ಮಿಲ್ಲಾಳನ್ನು ಮುಗಿಸುತ್ತಾರೆ. ಬೇರೆ ಕಥೆಯಾಗಿದ್ದರೆ ಅಲ್ಲಿಗೆ ನೆಮ್ಮದಿ. ಇಲ್ಲಿ ಹಾಗಲ್ಲ. ಎಷ್ಟೋ ವರ್ಷಗಳ ನಂತರವೂ ಲಾರಾಳಿಗೆ ಆಗಾಗ ಬಾಗಿಲ ಬಳಿ ಗೆಳತಿಯ ಹೆಜ್ಜೆ ಸಪ್ಪಳ ಕೇಳಿದಂತಾಗುತ್ತದೆ. ಅದು ಬರೀ ಹೆದರಿಕೆಯಾ, ಕಾಯುವಿಕೆಯಾ? ಎರಡೂ ಹೌದು ಅಂತ ನಮಗೆ ಅನಿಸಿತು. ಕೊಲ್ಲಲು ಬಂದವಳೇ ಆದರೂ, ಆ ಒಂಟಿ ಮನೆಯಲ್ಲಿ ಅವಳಿಗೆ ಸಿಕ್ಕ ಗೆಳತಿ ಅವಳೇ ತಾನೇ.

ಹೋದವರ ಹೆಜ್ಜೆಗೆ ಕಿವಿಗೊಟ್ಟು ಕೂರೋದು ಏನೆಂದು ಲೆ ಫಾನುಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮರುವರ್ಷವೇ, 1873ರ ಫೆಬ್ರವರಿ 7ರಂದು, ಅದೇ ಮನೆಯಲ್ಲಿ ತೀರಿಕೊಂಡ. ದೆವ್ವದ ಕಥೆ ಅಂದರೆ ಹೆದರಿಸೋದು ಅಷ್ಟೇ ಅಂದುಕೊಂಡಿದ್ದೆವು. ಅದು ದುಃಖವನ್ನೂ ಹೇಳಬಲ್ಲದು ಅಂತ ತೋರಿಸಿಕೊಟ್ಟವನು ಇವನು. ರಜೆಯಲ್ಲಿ ಒಮ್ಮೆ ಕಾರ್ಮಿಲ್ಲಾ ಓದಿ ನೋಡಿ. ನೂರು ಚಿಲ್ಲರೆ ಪುಟ, ಒಂದೇ ರಾತ್ರಿಗೆ ಮುಗಿಯುತ್ತೆ. ರೂಮ್‌ಮೇಟ್ ಪಕ್ಕದಲ್ಲಿದ್ದರೆ ಒಳ್ಳೆಯದು.