ವಾಲಿದ ಮರಗಳು

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಇಲ್ಲಿಗೆ ಮೊದಲು ರೈಲಿನಲ್ಲಿ ಬರುವಾಗ, ತಿರುವಿನಲ್ಲಿ ಮರಗಳೆಲ್ಲ ವಾಲಿದಂತೆ ಕಂಡು, ಹೆದರಿ ಕಿಟಕಿಯ ಸರಳು ಹಿಡಿದಿದ್ದೆ.

ಇದೇ ನೋಟದಿಂದ ವಿಚಾರಕ್ಕೆ ತೊಡಗಿದವನು ಅರ್ನ್ಸ್ಟ್ ಮಾಖ್. 1838ರಲ್ಲಿ ಮೊರಾವಿಯದಲ್ಲಿ ಹುಟ್ಟಿ, ಬಾಲ್ಯದಲ್ಲಿ ಬಡಗಿ ಕೆಲಸವನ್ನೂ ಕಲಿತ ಈತನು ಪ್ರಾಗ್‌ನಲ್ಲಿ ಪ್ರಾಧ್ಯಾಪಕನಾದನು. ತಿರುಗುವ ಕುರ್ಚಿಯಲ್ಲಿ ತಾನೇ ಕುಳಿತು ಪರೀಕ್ಷಿಸಿದನು. ಒಂದೇ ಸಮನಾದ ಚಲನೆ ನಮಗೆ ತಿಳಿಯದು. ವೇಗವೋ ದಿಕ್ಕೋ ಬದಲಾದಾಗ ಮಾತ್ರ ಒಳಗಿವಿ ಅರಿಯುತ್ತದೆಂದು 1875ರ ಗ್ರಂಥದಲ್ಲಿ ವಿವರಿಸಿದನು. ಮೋಡದೊಳಗೆ ವಿಮಾನ ಚಾಲಕರು ಮೈಯ ಅನಿಸಿಕೆ ಬಿಟ್ಟು ಉಪಕರಣಗಳನ್ನು ನಂಬಬೇಕಾದುದು ಇದಕ್ಕಾಗಿಯೇ.

1898ರಲ್ಲಿ ರೈಲಿನಲ್ಲಿಯೇ ಲಕ್ವ ಬಡಿದು ಬಲಭಾಗ ಸ್ವಾಧೀನ ತಪ್ಪಿತು. ಆದರೂ ಎಡಗೈಯಿಂದ ಬೆರಳಚ್ಚು ಮಾಡುತ್ತ ಬರವಣಿಗೆ ಮುಂದುವರಿಸಿ, 1916ರಲ್ಲಿ ತೀರಿಕೊಂಡನು.

ಈಗ ತಿರುವು ಬಂದರೆ ನಾನು ಸರಳು ಹಿಡಿಯುವುದಿಲ್ಲ, ಮರಗಳನ್ನು ನೋಡುತ್ತೇನೆ.