ಪರಮಾಣುವಿನ ಗರ್ಭವನ್ನು ಕಂಡ ರುದರ್‌ಫರ್ಡ್

ನ್ಯೂಜಿಲೆಂಡಿನ ನೆಲ್ಸನ್ ಪಟ್ಟಣದ ಸಮೀಪದ ಹಳ್ಳಿಯೊಂದರಲ್ಲಿ 1871ನೆಯ ಇಸವಿ ಆಗಸ್ಟ್ 30ರಂದು ಅರ್ನೆಸ್ಟ್ ರುದರ್‌ಫರ್ಡ್ ಜನಿಸಿದನು. ತಂದೆಯು ಗಾಡಿಯ ಚಕ್ರಗಳನ್ನು ಮಾಡುವ ಕಸುಬಿನವನು, ಬೇಸಾಯವನ್ನೂ ಮಾಡಿದವನು. ತಾಯಿಯು ಶಾಲೆಯ ಉಪಾಧ್ಯಾಯಿನಿಯಾಗಿದ್ದವಳು. ಹನ್ನೆರಡು ಮಕ್ಕಳ ಆ ಸಂಸಾರದಲ್ಲಿ ಅನುಕೂಲವು ಅಷ್ಟಕ್ಕಷ್ಟೆ. ವಿದ್ಯಾರ್ಥಿವೇತನ ದೊರೆತುದರಿಂದಲೇ ಅರ್ನೆಸ್ಟನಿಗೆ ಪ್ರೌಢಶಾಲೆಯೂ ಕಾಲೇಜೂ ಲಭಿಸಿದುವು. ಇಂಗ್ಲೆಂಡಿನಲ್ಲಿ ಸಂಶೋಧನೆ ನಡೆಸಲು ನೀಡುತ್ತಿದ್ದ ವೇತನಕ್ಕೂ ಅವನು ಸ್ಪರ್ಧಿಸಿದನು. ಆದರೆ ಮೊದಲ ಆಯ್ಕೆ ಬೇರೊಬ್ಬನದಾಯಿತು. ಆತನು ಬೇಡವೆಂದ ಮೇಲೆಯೇ ಎರಡನೆಯವನಾದ ರುದರ್‌ಫರ್ಡನಿಗೆ ಅವಕಾಶ ಒದಗಿತು. 1895ರಲ್ಲಿ ಅವನು ಕೇಂಬ್ರಿಜ್ಜಿನ ಕ್ಯಾವೆಂಡಿಷ್ ಪ್ರಯೋಗಶಾಲೆಯನ್ನು ಸೇರಿ, ಜೆ. ಜೆ. ಥಾಮ್ಸನ್ನನ ಶಿಷ್ಯನಾದನು.

1898ರಲ್ಲಿ ಅವನು ಕೆನಡಾ ದೇಶದ ಮಾಂಟ್ರಿಯಲ್ಲಿನಲ್ಲಿ ಪ್ರಾಧ್ಯಾಪಕನಾದನು. ಒಂದು ಮೂಲವಸ್ತು ಎಂದಿಗೂ ಮತ್ತೊಂದಾಗದೆಂಬುದು ಅಂದಿನ ರಸಾಯನಶಾಸ್ತ್ರದ ದೃಢವಾದ ನಂಬಿಕೆ. ವಿಕಿರಣವನ್ನು ಸೂಸುವ ವಸ್ತುಗಳು ತಾವಾಗಿಯೇ ಬೇರೆ ಮೂಲವಸ್ತುಗಳಾಗಿ ಮಾರ್ಪಡುವುವೆಂದು ರುದರ್‌ಫರ್ಡನೂ ಅವನ ಸಹೋದ್ಯೋಗಿ ಸಾಡಿಯೂ ತೋರಿಸಿಕೊಟ್ಟರು. ಈ ಕಾರ್ಯಕ್ಕಾಗಿ 1908ರಲ್ಲಿ ಅವನಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಪಾರಿತೋಷಕ ಬಂದ ಮೇಲೆ ವಿಶ್ರಮಿಸುವವರುಂಟು. ರುದರ್‌ಫರ್ಡನ ಮಹತ್ಕಾರ್ಯವಾದರೋ ಅನಂತರವೇ ನಡೆಯಿತು. ಆ ವೇಳೆಗೆ ಅವನು ಮ್ಯಾಂಚೆಸ್ಟರಿಗೆ ಬಂದಿದ್ದನು. ರವೆಯುಂಡೆಯಲ್ಲಿ ದ್ರಾಕ್ಷಿಗಳು ಹುದುಗಿರುವಂತೆ, ಪರಮಾಣುವಿನ ತುಂಬ ಹರಡಿರುವ ಧನ ವಿದ್ಯುತ್ತಿನಲ್ಲಿ ಎಲೆಕ್ಟ್ರಾನುಗಳು ಹುದುಗಿವೆಯೆಂದು ಗುರು ಥಾಮ್ಸನ್ನನು ಭಾವಿಸಿದ್ದನು. ಕಣ್ಣಿಗೆ ಕಾಣದ ವಸ್ತುವಿನ ಒಳಗನ್ನು ಪರೀಕ್ಷಿಸುವುದು ಹೇಗೆ? ಅದರ ಮೇಲೆ ಮತ್ತೊಂದು ಕಣವನ್ನು ಎಸೆದು, ಅದು ಎತ್ತ ಚಿಮ್ಮುವುದೆಂದು ನೋಡಬೇಕು. 1909ರಲ್ಲಿ ರುದರ್‌ಫರ್ಡನ ಸೂಚನೆಯಂತೆ ಗೈಗರನೂ ಇಪ್ಪತ್ತು ವರ್ಷದ ವಿದ್ಯಾರ್ಥಿ ಮಾರ್ಸ್‌ಡನ್ನನೂ ತೆಳ್ಳನೆಯ ಲೋಹದ ಹಾಳೆಗಳ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿದರು. ಕತ್ತಲೆಯ ಕೋಣೆಯಲ್ಲಿ ಕುಳಿತು, ಕಣಗಳು ತಾಗಿದಾಗ ತೆರೆಯ ಮೇಲೆ ಮಿನುಗುವ ಬೆಳಕಿನ ಚುಕ್ಕೆಗಳನ್ನು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಎಣಿಸಿದರು. ಬಹುಪಾಲು ಕಣಗಳು ಹಾಳೆಯನ್ನು ದಾಟಿ ಹೋದುವು. ಸುಮಾರು 8000ಕ್ಕೆ ಒಂದು ಮಾತ್ರ ಹಿಂದಕ್ಕೆ ಚಿಮ್ಮಿತು.

ಆ ಒಂದನ್ನು ರುದರ್‌ಫರ್ಡನು ಕಡೆಗಣಿಸಲಿಲ್ಲ. ಹರಡಿಕೊಂಡಿರುವ ವಿದ್ಯುತ್ತಿಗೆ ವೇಗವಾಗಿ ಬರುವ ಕಣವನ್ನು ಹಿಮ್ಮೆಟ್ಟಿಸುವ ಬಲವಿರದು. ಒಂದೆಡೆ ಒತ್ತಾಗಿ ಸೇರಿದ್ದರೆ ಮಾತ್ರ ಅದು ಸಾಧ್ಯ. ಆದುದರಿಂದ ಪರಮಾಣುವಿನ ಬಹುಭಾಗ ಬರಿದೆಂದೂ, ಅದರ ಭಾರವೆಲ್ಲ ನಡುವಿನ ಅತಿ ಸಣ್ಣ ಬೀಜದಲ್ಲಿ ಅಡಗಿದೆಯೆಂದೂ 1911ರಲ್ಲಿ ಅವನು ಸಾರಿದನು. ಪರಮಾಣು ದೊಡ್ಡ ಮೈದಾನದಷ್ಟಿದ್ದರೆ ಬೀಜವು ಆಡುವ ಗೋಲಿಯಷ್ಟು! 1919ರಲ್ಲಿ ನೈಟ್ರೋಜನ್ನಿನ ಬೀಜದಿಂದ ಪ್ರೋಟಾನನ್ನು ಹೊರಡಿಸಿದ ಸಂಗತಿಯನ್ನೂ ಪ್ರಕಟಿಸಿದನು. ಅದೇ ವರ್ಷ ಕ್ಯಾವೆಂಡಿಷ್ ಪ್ರಯೋಗಶಾಲೆಯ ಮುಖ್ಯಸ್ಥನಾಗಿ, ಅನೇಕ ತರುಣ ವಿಜ್ಞಾನಿಗಳನ್ನು ಬೆಳೆಸಿದನು. 1932ರಲ್ಲಿ ನ್ಯೂಟ್ರಾನನ್ನು ಕಂಡುಹಿಡಿದ ಚಾಡ್‌ವಿಕ್ ಅವನ ಶಿಷ್ಯನೇ.

1938ರ ಜನವರಿಯಲ್ಲಿ ಕಲ್ಕತ್ತೆಯ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ರಜತೋತ್ಸವಕ್ಕೆ ರುದರ್‌ಫರ್ಡನು ಅಧ್ಯಕ್ಷನಾಗಿ ಬರಬೇಕಾಗಿತ್ತು. ಆದರೆ 1937ರ ಅಕ್ಟೋಬರ್ 19ರಂದು ಅವನು ಕಾಲವಾದನು. ಅವನ ಸ್ಥಾನವನ್ನು ಜೇಮ್ಸ್ ಜೀನ್ಸ್ ವಹಿಸಿದನು. ರುದರ್‌ಫರ್ಡನ ಚಿತಾಭಸ್ಮವು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ನ್ಯೂಟನ್ನನ ಸಮಾಧಿಯ ಬಳಿ ಇದೆ.

ಅವನು ತೋರಿದ ಹಾದಿ ಅಲ್ಲಿಗೆ ನಿಲ್ಲಲಿಲ್ಲ. ಬೀಜದೊಳಗಿನ ಪ್ರೋಟಾನು ನ್ಯೂಟ್ರಾನುಗಳ ಒಳಗೂ ಕ್ವಾರ್ಕುಗಳಿವೆ. ಅವನ್ನು ಬಂಧಿಸಿರುವುವು ಗ್ಲೂಆನುಗಳು. 2000ದಲ್ಲಿ ಅಮೆರಿಕದ ಬ್ರೂಕ್‌ಹೇವನ್ನಿನಲ್ಲಿ ಚಿನ್ನದ ಬೀಜಗಳನ್ನೇ ಬೆಳಕಿನ ವೇಗಕ್ಕೆ ಸಮೀಪವಾದ ವೇಗದಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಸತೊಡಗಿದರು. ಆಗ ಉಷ್ಣತೆಯು ಸುಮಾರು 4 ಲಕ್ಷ ಕೋಟಿ ಡಿಗ್ರಿಗೇರಿ, ಕ್ಷಣಾರ್ಧಕ್ಕಿಂತಲೂ ಎಷ್ಟೋ ಅಲ್ಪಕಾಲ ಕ್ವಾರ್ಕುಗಳೂ ಗ್ಲೂಆನುಗಳೂ ಬಂಧನ ಕಳಚಿ ದ್ರವದಂತೆ ಹರಿಯುವುವು. ವಿಶ್ವವು ಹುಟ್ಟಿದ ಮೊದಲ ಕ್ಷಣದಲ್ಲಿ ಇದ್ದ ಸ್ಥಿತಿ ಇದೇ. ಈ ಪ್ರಯೋಗಕ್ಕೆ ಬೇಕಾದ ಉಪಕರಣಗಳಲ್ಲಿ ಒಂದನ್ನು ನಿರ್ಮಿಸುವುದರಲ್ಲಿ ಕೋಲ್ಕತ್ತದ ವಿಜ್ಞಾನಿಗಳೂ ಭಾಗವಹಿಸಿದರು.

ವಿದ್ಯಾರ್ಥಿಗಳೇ, ಯಂತ್ರಗಳು ಇಂದು ಮೈಲಿಗಟ್ಟಲೆ ಬೆಳೆದಿವೆ. ರೀತಿಯು ಮಾತ್ರ ರುದರ್‌ಫರ್ಡನದೇ. ಎರಡನೆಯವನಾಗಿ ಆಯ್ಕೆಗೊಂಡ ಹಳ್ಳಿಯ ಹುಡುಗನು, ಎಂಟು ಸಾವಿರದಲ್ಲಿ ಒಂದನ್ನು ಅಲಕ್ಷಿಸದೆ, ಜಗತ್ತಿನ ತಿಳಿವಳಿಕೆಯನ್ನೇ ಬದಲಿಸಿದನು.