ಬೆಂಗಳೂರಿನ ಪೀಪಾಯಿ, ಸಿಕಂದರಾಬಾದಿನ ಸೊಳ್ಳೆ

ಮುಂಗಾರು ಹಿಡಿದು ಹಳ್ಳಕೊಳ್ಳ ತುಂಬಿದ ಮೇಲೆ ಊರಲ್ಲಿ ನಾಲ್ಕು ಜನಕ್ಕೆ ಜ್ವರ ಬಂತೆಂದರೆ ನಮ್ಮ ಮಡಕಶಿರಾ ಸೀಮೆಯಲ್ಲಿ ಒಂದೇ ಮಾತು. ಕನ್ನಡದವರು ಗಾಳಿ ನೀರು ಕೆಟ್ಟಿದೆ ಅಂತಾರೆ. ತೆಲುಗಿನವರು ಗಾಲಿ ನೀರು ಪಡಲೇದು ಅಂತಾರೆ. ಭಾಷೆ ಎರಡಾದರೂ ದೂರು ಮಾತ್ರ ಗಾಳಿಯ ಮೇಲೇ. ಇದು ನಮ್ಮ ಹಳ್ಳಿಗರೊಬ್ಬರ ತಪ್ಪಲ್ಲ. ಇಟಲಿ ದೇಶದವರೂ ಹಾಗೇ ತಿಳಿದಿದ್ದರು. ಮಲೇರಿಯಾ ಎಂಬ ಹೆಸರೇ ಅವರದು, ಕೆಟ್ಟ ಗಾಳಿ ಎಂದು ಅದರ ಅರ್ಥ. ಗಾಳಿಯ ಮೇಲಿದ್ದ ಆ ಅಪವಾದವನ್ನು ತೆಗೆದು ಸೊಳ್ಳೆಯ ತಲೆಗೆ ಕಟ್ಟಿದವರು ರೊನಾಲ್ಡ್ ರಾಸ್. ಆ ಕೆಲಸ ನಡೆದದ್ದು ಲಂಡನ್ನಿನಲ್ಲಲ್ಲ, ನಮ್ಮ ಸಿಕಂದರಾಬಾದಿನಲ್ಲಿ.

ರಾಸ್ ಸಾಹೇಬರ ಕತೆಯನ್ನು ಈ ಪುಟದಲ್ಲಿ ಹೇಳಲು ನನಗೆ ಎರಡು ಕಾರಣ. ಒಂದು, ಅವರ ಹೆಜ್ಜೆ ಬಿದ್ದದ್ದು ನಾವು ನೀವು ಓಡಾಡುವ ನೆಲದ ಮೇಲೆ: ಬೆಂಗಳೂರು, ಊಟಿ, ಮಸಿನಗುಡಿ ಕಡೆಯ ಸೀಗೂರು ಘಾಟಿ, ಸಿಕಂದರಾಬಾದು. ಇನ್ನೊಂದು, ಅವರು ಕಂಡದ್ದು ದೊಡ್ಡದೇ ಸರಿ, ಆದರೆ ಕಂಡದ್ದನ್ನು ಸರಕಾರಕ್ಕೂ ಜನಕ್ಕೂ ಒಪ್ಪಿಸಲು ಪಟ್ಟ ಪಾಡು ಅದಕ್ಕಿಂತ ದೊಡ್ಡದು. ಆ ಪಾಡು ಇನ್ನೂ ಮುಗಿದಿಲ್ಲ.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ. ಮೀರತ್ತಿನಲ್ಲಿ ಸಿಪಾಯಿಗಳು ತಿರುಗಿಬಿದ್ದು ಆಗ ಮೂರೇ ದಿನ. ತಂದೆ ಸೈನ್ಯದ ಅಧಿಕಾರಿ. ಎಂಟು ವರ್ಷದ ಹುಡುಗನನ್ನು ಓದಲಿಕ್ಕೆ ಇಂಗ್ಲೆಂಡಿಗೆ ಕಳಿಸಿದರು. ಹುಡುಗನಿಗೆ ಪದ್ಯ, ಚಿತ್ರ, ಸಂಗೀತ, ಗಣಿತ ಇವುಗಳ ಮೇಲೆ ಪ್ರಾಣ. ತಂದೆಗೆ ಮಗ ಡಾಕ್ಟರಾಗಬೇಕೆಂಬ ಹಟ. ತಂದೆಯ ಮಾತೇ ನಡೆಯಿತು. 1881ರಲ್ಲಿ ಇಂಡಿಯಾದ ಸರಕಾರಿ ವೈದ್ಯ ಸೇವೆಗೆ ಸೇರಿ ಮದರಾಸಿಗೆ ಬಂದರು. ಮೊದಲ ವರ್ಷಗಳಲ್ಲಿ ಆಸ್ಪತ್ರೆಯ ಕೆಲಸಕ್ಕಿಂತ ಪದ್ಯ, ಕಾದಂಬರಿ, ಲೆಕ್ಕ ಇವುಗಳಲ್ಲೇ ಹೊತ್ತು ಹೋಯಿತು. ಹೊಲದ ಬದುವಿನ ಮೇಲೆ ಕೂತು ಪದ್ಯ ಬರೆದು ಮನೆಯವರ ಕೈಲಿ ಬೈಸಿಕೊಂಡ ನನಗೆ ಇದರಲ್ಲಿ ತಪ್ಪು ಕಾಣುವುದಿಲ್ಲ.

1883ರಲ್ಲಿ ಬೆಂಗಳೂರು ದಂಡಿಗೆ ಬಂದರು. ಅವರಿದ್ದ ಬಂಗಲೆಯಲ್ಲಿ ವಿಪರೀತ ಸೊಳ್ಳೆ. ಕಿಟಕಿಯ ಹೊರಗೆ ಒಂದು ನೀರಿನ ಪೀಪಾಯಿ ಇತ್ತು. ಬಗ್ಗಿ ನೋಡಿದರೆ ಅದರ ತುಂಬ ಸೊಳ್ಳೆಯ ಮರಿಹುಳು ಕುಣಿಯುತ್ತಿವೆ. ಪೀಪಾಯಿಯನ್ನು ಉರುಳಿಸಿದರು, ಸೊಳ್ಳೆ ಕಮ್ಮಿಯಾಯಿತು. ದಂಡಿನ ಉಳಿದ ತೊಟ್ಟಿಗಳನ್ನೂ ಹೀಗೇ ಚೆಲ್ಲಿಸೋಣ ಎಂದು ಅಲ್ಲಿನ ಅಧಿಕಾರಿಗೆ ಹೇಳಿದರೆ ಆತ ಒಪ್ಪಲಿಲ್ಲ. ಸೊಳ್ಳೆಯನ್ನೂ ದೇವರು ಯಾವುದೋ ಕಾರಣಕ್ಕೆ ಹುಟ್ಟಿಸಿದ್ದಾನೆ, ಸಹಿಸಿಕೊಂಡು ಇರಬೇಕು ಎಂಬುದು ಆತನ ವಾದ. ಸೊಳ್ಳೆಗೂ ಜ್ವರಕ್ಕೂ ನಂಟಿದೆಯೆಂದು ಆಗ ರಾಸ್‌ಗೂ ಗೊತ್ತಿರಲಿಲ್ಲ. ಆದರೆ ಮುಂದೆ ಅವರು ಜೀವನವೆಲ್ಲ ಹೇಳಿದ್ದೂ ಇದೇ ಪೀಪಾಯಿಯ ಮಾತು, ಕೇಳಿದ ಉತ್ತರಗಳೂ ಹೆಚ್ಚುಕಮ್ಮಿ ಆ ಅಧಿಕಾರಿಯವೇ.

ಮಲೇರಿಯಾ ರೋಗಿಯ ರಕ್ತದಲ್ಲಿ ಒಂದು ಸೂಕ್ಷ್ಮ ಜೀವಿ ಇರುತ್ತದೆಂದು ಫ್ರಾನ್ಸಿನ ಲಾವರಾನ್ ಎಂಬ ಸೈನ್ಯದ ವೈದ್ಯರು 1880ರಲ್ಲೇ ಆಲ್ಜೀರಿಯಾದಲ್ಲಿ ಕಂಡಿದ್ದರು. ಅದು ಒಬ್ಬನಿಂದ ಇನ್ನೊಬ್ಬನಿಗೆ ದಾಟುವ ದಾರಿ ಮಾತ್ರ ಗೊತ್ತಿರಲಿಲ್ಲ. 1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರು ರಾಸ್‌ಗೆ ಆ ಜೀವಿಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಸೊಳ್ಳೆಯೇ ಇದನ್ನು ಸಾಗಿಸುತ್ತಿರಬಹುದು ಎಂದು ಮ್ಯಾನ್ಸನ್ನರ ಊಹೆ. ಆದರೆ ಊಹೆ ಅರ್ಧ ಸರಿ, ಅರ್ಧ ತಪ್ಪು. ರಕ್ತ ಹೀರಿದ ಸೊಳ್ಳೆ ನೀರಲ್ಲಿ ಸಾಯುತ್ತದೆ, ಆ ನೀರು ಕುಡಿದವರಿಗೆ ಜ್ವರ ಬರುತ್ತದೆ ಎಂದು ಅವರು ತಿಳಿದಿದ್ದರು. 1895ರಲ್ಲಿ ಸಿಕಂದರಾಬಾದಿಗೆ ಮರಳಿದ ರಾಸ್ ಸೊಳ್ಳೆ ಸತ್ತ ನೀರನ್ನು ದುಡ್ಡು ಕೊಟ್ಟು ಕೆಲವರಿಗೆ ಕುಡಿಸಿ ನೋಡಿದರು. ದಾರಿ ಸಿಗಲಿಲ್ಲ. ದುಡ್ಡಿಗಾಗಿ ಆ ನೀರು ಕುಡಿದ ಬಡವರನ್ನು ನೆನೆದರೆ ಇವತ್ತು ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಅಷ್ಟರಲ್ಲಿ ಬೆಂಗಳೂರಿನಲ್ಲಿ ಕಾಲರಾ ಬಂತು. ಸರಕಾರ ರಾಸ್‌ರನ್ನು ಅಲ್ಲಿಗೆ ಕಳಿಸಿತು. ಒಂದು ವರ್ಷದ ಮೇಲೆ ಅವರು ಅಲ್ಲಿ ಊರಿನ ನೈರ್ಮಲ್ಯದ ಕೆಲಸ ನೋಡಿದರು. ಸೊಳ್ಳೆಯ ಕೆಲಸ ಹಿಂದೆ ಬಿತ್ತು. 1897ರಲ್ಲಿ ರಜೆ ಸಿಕ್ಕಾಗ ಊಟಿಗೆ ಹೋದರು, ಅಲ್ಲಿಂದ ಮಲೇರಿಯಾಕ್ಕೆ ಹೆಸರಾದ ಸೀಗೂರು ಘಾಟಿಗೆ ಇಳಿದರು. ರೋಗ ಹುಡುಕಿಕೊಂಡು ಹೋದವರಿಗೆ ರೋಗವೇ ಹಿಡಿಯಿತು. ಚಳಿಜ್ವರದ ನಡುಕ ಎಂಥದೆಂದು ಅವರು ಪುಸ್ತಕದಿಂದಲ್ಲ, ಮೈಯಿಂದ ಕಲಿತರು.

ವಾಸಿಯಾಗಿ ಸಿಕಂದರಾಬಾದಿಗೆ ಬಂದು ಮತ್ತೆ ಕೂತರು. ಬೇಸಿಗೆಯ ಸೆಕೆ. ಪಂಖಾ ಎಳೆಸುವಂತಿಲ್ಲ, ಕೊಯ್ದಿಟ್ಟ ಸೊಳ್ಳೆ ಹಾರಿಹೋಗುತ್ತದೆ. ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳೇ ತುಕ್ಕು ಹಿಡಿದವು. ಅವರು ಅದುವರೆಗೆ ಕೊಯ್ದದ್ದೆಲ್ಲ ಬೇರೆ ಜಾತಿಯ ಸೊಳ್ಳೆ. ಆಗಸ್ಟಿನಲ್ಲಿ ಆಳುಗಳು ರೆಕ್ಕೆಯ ಮೇಲೆ ಚುಕ್ಕೆಯಿರುವ ಹೊಸ ಜಾತಿಯ ಮರಿಗಳನ್ನು ತಂದರು. ನಾವು ಇಂದು ಅನಾಫಿಲಿಸ್ ಎನ್ನುವುದು ಅದನ್ನೇ. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯ ಮೇಲೆ ಅವುಗಳನ್ನು ಬಿಟ್ಟರು. ಕಚ್ಚಿದ ಸೊಳ್ಳೆಗೆ ಒಂದು ಆಣೆಯಂತೆ ಆತನಿಗೆ ಸಂದಾಯ. ಆಗಸ್ಟ್ 20ರಂದು, ಉಳಿದಿದ್ದ ಎರಡೇ ಸೊಳ್ಳೆಗಳಲ್ಲಿ ಒಂದನ್ನು ಕೊಯ್ದಾಗ ಅದರ ಹೊಟ್ಟೆಯ ಗೋಡೆಯಲ್ಲಿ ಹಿಂದೆಂದೂ ಕಾಣದ ದುಂಡು ಕೋಶಗಳಿದ್ದವು. ಒಳಗೆ ರೋಗಿಯ ರಕ್ತದಲ್ಲಿ ಕಾಣುವ ಅದೇ ಕರಿಯ ಕಣ. ಮರುದಿನ ಕೊನೆಯದನ್ನು ಕೊಯ್ದರೆ ಕೋಶಗಳು ಇನ್ನೂ ದೊಡ್ಡದಾಗಿದ್ದವು. ರೋಗಾಣು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುತ್ತಿದೆ ಎಂದಾಯಿತು. ಆ ಸಂತೋಷಕ್ಕೆ ರಾಸ್ ಒಂದು ಪದ್ಯ ಬರೆದರು. ಆಗಸ್ಟ್ 20ನ್ನು ಇಂದೂ ಲೋಕದಲ್ಲಿ ಸೊಳ್ಳೆ ದಿನವೆಂದು ಆಚರಿಸುತ್ತಾರೆ. ಹುಸೇನ್ ಖಾನ್‌ನ ಹೆಸರನ್ನೂ ಆ ದಿನ ನೆನೆಯಬೇಕು ಅಂತ ನನ್ನ ಮಾತು.

ಇಷ್ಟಾದ ಮೇಲೆ ಸರಕಾರ ಮಾಡಿದ್ದೇನು? ಒಂದೇ ತಿಂಗಳಲ್ಲಿ ರಾಸ್‌ರನ್ನು ರಾಜಪುತಾನದ ಖೇರವಾಡಕ್ಕೆ ವರ್ಗ ಮಾಡಿತು. ಅಲ್ಲಿ ಮಲೇರಿಯಾ ರೋಗಿಗಳೇ ಅಪರೂಪ. ಮ್ಯಾನ್ಸನ್ನರು ಲಂಡನ್ನಿನಿಂದ ಶಿಫಾರಸು ನಡೆಸಿದ ಮೇಲೆ 1898ರ ಮೊದಲಿಗೆ ಕಲ್ಕತ್ತೆಯಲ್ಲಿ ಒಂದು ಸಣ್ಣ ಪ್ರಯೋಗಶಾಲೆ ಸಿಕ್ಕಿತು. ಅಲ್ಲಿ ಬೇರೆಯೇ ತೊಡಕು. ಆಗ ಪ್ಲೇಗಿನ ಭೀತಿ. ಸರಕಾರದವರು ಸೂಜಿ ಚುಚ್ಚಿ ಕೊಲ್ಲುತ್ತಾರೆಂದು ಜನ ಹೆದರಿದ್ದರು. ಬೆರಳಿಗೆ ಸೂಜಿ ತಾಗಿಸಲು ಹೋದರೆ ರೋಗಿಗಳು ಓಡಿಹೋಗುತ್ತಿದ್ದರು. ಯಾಕೆ, ಏನು ಎಂದು ಅವರ ಭಾಷೆಯಲ್ಲಿ ಕೂತು ಹೇಳುವವರಿಲ್ಲದಿದ್ದರೆ ಜನ ಇನ್ನೇನು ಮಾಡಿಯಾರು? ರಾಸ್ ಮನುಷ್ಯರನ್ನು ಬಿಟ್ಟು ಹಕ್ಕಿಗಳ ಮಲೇರಿಯಾ ಹಿಡಿದರು. ಮಹಮ್ಮದ್ ಬಕ್ಷ್ ಎಂಬ ಸಹಾಯಕ ಹಗಲಿರುಳು ಜೊತೆಗಿದ್ದ. ಜುಲೈನಲ್ಲಿ ರೋಗಾಣು ಸೊಳ್ಳೆಯ ಎಂಜಲ ಗ್ರಂಥಿಗೆ ಬಂದು ಸೇರುವುದನ್ನು ಕಂಡರು. ಅಂಥ ಸೊಳ್ಳೆ ಕಚ್ಚಿದ ಗುಬ್ಬಿಗಳಿಗೆ ರೋಗ ಬಂತು. ನೀರೂ ಅಲ್ಲ, ಗಾಳಿಯೂ ಅಲ್ಲ, ಕಡಿತವೇ ದಾರಿ. ಅದೇ ವರ್ಷದ ಕೊನೆಗೆ ಇಟಲಿಯ ಗ್ರಾಸ್ಸಿ ಮತ್ತು ಜೊತೆಗಾರರು ಮನುಷ್ಯರ ಮಲೇರಿಯಾವೂ ಅನಾಫಿಲಿಸ್ ಕಡಿತದಿಂದಲೇ ಎಂದು ತೋರಿಸಿದರು.

1899ರಲ್ಲಿ ರಾಸ್ ಇಂಡಿಯಾದ ಕೆಲಸ ಬಿಟ್ಟು ಲಿವರ್‌ಪೂಲಿನಲ್ಲಿ ಪಾಠ ಹೇಳಲು ಸೇರಿದರು. 1902ರಲ್ಲಿ ನೊಬೆಲ್ ಬಹುಮಾನ ಬಂತು. ಅದೇ ವರ್ಷ ಸೊಳ್ಳೆ ಪಡೆ ಕಟ್ಟುವುದು ಹೇಗೆ ಎಂಬ ಸಣ್ಣ ಪುಸ್ತಕ ಬರೆದರು. ಒಬ್ಬ ಮೇಸ್ತ್ರಿ, ಕೆಲವು ಆಳು, ಗುಂಡಿ ಮುಚ್ಚಲು ಮಣ್ಣು, ನಿಂತ ನೀರಿಗೆ ಎಣ್ಣೆ: ಪಂಚಾಯ್ತಿಯೊಂದು ಮಾಡಬಹುದಾದ ಕೆಲಸವೇ ಅದು. ಸೂಯೆಜ್ ಕಾಲುವೆಯ ದಂಡೆಯ ಇಸ್ಮಾಯಿಲಿಯಾ ಊರಿಗೆ ಸಿಹಿನೀರಿನ ಕಾಲುವೆ ಬಂದ ಮೇಲೆ ಜ್ವರವೂ ಬಂದಿತ್ತು. ಕಾಲುವೆ ಕಂಪೆನಿಯವರು 1902ರಲ್ಲಿ ರಾಸ್‌ರನ್ನು ಕರೆಸಿ, ಹೇಳಿದಂತೆ ಮಾಡಿದರು. ಕೆಲವೇ ವರ್ಷಗಳಲ್ಲಿ ಅಲ್ಲಿ ಹೊಸ ಜ್ವರ ಬಹುತೇಕ ನಿಂತಿತು.

ಇಂಡಿಯಾದಲ್ಲಿ ಮಾತ್ರ ನಡೆಯಲಿಲ್ಲ. ಲಾಹೋರಿನ ಹತ್ತಿರದ ಮಿಯಾನ್ ಮೀರ್ ದಂಡಿನಲ್ಲಿ ಎರಡು ವರ್ಷ ಸೊಳ್ಳೆ ತಗ್ಗಿಸುವ ಪ್ರಯೋಗ ನಡೆಸಿ, ಇದರಿಂದ ಹೆಚ್ಚಿನ ಫಲವಿಲ್ಲ ಎಂದು ಅಧಿಕಾರಿಗಳು ತೀರ್ಮಾನಿಸಿದರು. ಅರೆಬರೆ ಮಾಡಿ ಫಲವಿಲ್ಲ ಎನ್ನುವುದು ನ್ಯಾಯವಲ್ಲ ಎಂದು ರಾಸ್ ವಾದಿಸಿದರು. ಇಷ್ಟು ದೊಡ್ಡ ದೇಶದಲ್ಲಿ ಸೊಳ್ಳೆಯನ್ನು ಎಲ್ಲಿಂದ ಮುಗಿಸುವುದು, ಕ್ವಿನೈನ್ ಹಂಚಿದರೆ ಸಾಕು ಎಂಬುದು ಸರಕಾರದ ಕಡೆಯವರ ಲೆಕ್ಕ.

ಇದಕ್ಕೆ ರಾಸ್ ಗಣಿತದಲ್ಲೇ ಜವಾಬು ಕೊಟ್ಟರು. ಮಲೇರಿಯಾ ತಡೆಯುವ ಬಗ್ಗೆ 1910ರಲ್ಲಿ ಬಂದ ಅವರ ದೊಡ್ಡ ಪುಸ್ತಕದಲ್ಲಿ ಆ ಲೆಕ್ಕವಿದೆ. ವ್ಯಾಪಾರಸ್ಥರಿಗೆ ಅರ್ಥವಾಗುವಂತೆ ಹೇಳುತ್ತೇನೆ. ಒಬ್ಬ ರೋಗಿಯಿಂದ ಇಬ್ಬರಿಗೆ ರೋಗ ಹರಡಿದರೆ ಅದು ಚಕ್ರಬಡ್ಡಿಯ ಸಾಲದಂತೆ, ಏರುತ್ತಲೇ ಹೋಗುತ್ತದೆ. ನೂರು ರೋಗಿಗಳಿಂದ ತೊಂಬತ್ತೇ ಜನಕ್ಕೆ ಹರಡಿದರೆ? ಅಸಲೇ ಕರಗುತ್ತಾ ಬಂದು ಕೊನೆಗೊಂದು ದಿನ ಸಾಲ ತೀರುತ್ತದೆ. ಅಂದಮೇಲೆ ಎಲ್ಲಾ ಸೊಳ್ಳೆಯನ್ನೂ ಕೊಲ್ಲಬೇಕಾಗಿಲ್ಲ, ಒಂದು ಮಟ್ಟಕ್ಕಿಂತ ಕೆಳಗೆ ಇಳಿಸಿದರೆ ಸಾಕು. ಇಂದು ಸಾಂಕ್ರಾಮಿಕ ರೋಗಗಳ ಲೆಕ್ಕವೆಲ್ಲ ಈ ದಾರಿಯಲ್ಲೇ ನಡೆಯುತ್ತದೆ.

ರಾಸ್ ಸಾಧು ಮನುಷ್ಯರೇನೂ ಅಲ್ಲ. ಗ್ರಾಸ್ಸಿಯವರ ಜೊತೆ ಯಾರು ಮೊದಲು ಎಂಬ ಜಗಳವನ್ನು ಸಾಯುವತನಕ ಬಿಡಲಿಲ್ಲ. ತನಗೆ ಸರಕಾರ ತಕ್ಕ ಇನಾಮು ಕೊಡಲಿಲ್ಲವೆಂದು ಅರ್ಜಿ ಬರೆದರು, ಪತ್ರಿಕೆಗಳಿಗೂ ಬರೆದರು. ಈ ಕಹಿ ಅವರ ಮಾತಿನ ಬೆಲೆಯನ್ನೇ ತಗ್ಗಿಸಿತು ಎಂದು ನನಗನಿಸುತ್ತದೆ. ಸತ್ಯ ಕೈಲಿದ್ದರೆ ಸಾಲದು, ಅದನ್ನು ಕೇಳುವವನ ಮನಸ್ಸಿಗೆ ಇಳಿಸುವ ತಾಳ್ಮೆಯೂ ಬೇಕು. 1926ರಲ್ಲಿ ಲಂಡನ್ನಿನಲ್ಲಿ ಅವರ ಹೆಸರಿನ ಸಂಸ್ಥೆ ಆರಂಭವಾಯಿತು. 1932ರ ಸೆಪ್ಟೆಂಬರ್ 16ರಂದು ತೀರಿಕೊಂಡರು. ಹೈದರಾಬಾದಿನ ನಲ್ಲಕುಂಟದ ಜ್ವರದ ಆಸ್ಪತ್ರೆಗೆ ಅವರದೇ ಹೆಸರು.

ನಮ್ಮ ದೇಶದಲ್ಲಿ ದೊಡ್ಡ ಮಟ್ಟದ ಕೆಲಸ ನಡೆದದ್ದು ಸ್ವಾತಂತ್ರ್ಯದ ನಂತರ. 1953ರಲ್ಲಿ ಡಿಡಿಟಿ ಹೊಡೆಯುವ ಕಾರ್ಯಕ್ರಮ ಶುರುವಾಗಿ 1965ರ ಹೊತ್ತಿಗೆ ವರ್ಷಕ್ಕೆ ಸುಮಾರು 1 ಲಕ್ಷ ರೋಗಿಗಳಷ್ಟೇ ಉಳಿದರು. ಗೆದ್ದೆವು ಎಂದು ಕೈ ಸಡಿಲ ಬಿಟ್ಟರು, ಸೊಳ್ಳೆಗೂ ಔಷಧಿ ಒಗ್ಗಿತು. 1976ರಲ್ಲಿ 64 ಲಕ್ಷ ದಾಟಿತು. ಅದಾದ ಮೇಲಿನ ಒಂದು ವರ್ಷ ನಮ್ಮ ಮನೆಗೂ ಡಿಡಿಟಿಯವರು ಬಂದದ್ದು ನನಗೆ ನೆನಪಿದೆ. ಗೋಡೆಗೆಲ್ಲ ಹೊಡೆದು ಬಾಗಿಲ ಪಕ್ಕ ತಾರೀಕು ಬರೆದು ಹೋದರು. ವಾಸನೆ ತಾಳದೆ ನಮ್ಮವ್ವ ಮೂರನೇ ದಿನಕ್ಕೇ ಗೋಡೆಗೆ ಸಗಣಿ ಮಣ್ಣು ಸಾರಿಸಿಬಿಟ್ಟಳು. ಆ ಮಳೆಗಾಲ ನನ್ನ ತಮ್ಮ ನಾಲ್ಕು ಕಂಬಳಿ ಹೊದ್ದರೂ ಗಡಗಡ ನಡುಗಿದ. ಕಹಿ ಮಾತ್ರೆ ನುಂಗಿ ಬದುಕಿಕೊಂಡ. ರಕ್ತ ಕುಡಿದ ಸೊಳ್ಳೆ ಗೋಡೆಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತದೆ, ಅದಕ್ಕೇ ಗೋಡೆಗೆ ಹೊಡೆಯುವುದು ಎಂದು ಅವ್ವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಅವಳು ಸಾರಿಸುತ್ತಿರಲಿಲ್ಲ. ಅವಳೇನೂ ದಡ್ಡಿಯಲ್ಲ.

ಈಗ ನಮ್ಮ ಕಡೆ ಹೆಚ್ಚು ಕಾಡುವುದು ಡೆಂಗಿ. ಅದರ ಸೊಳ್ಳೆ ಬೇರೆ, ಹಗಲು ಕಚ್ಚುವಂಥದು, ಮನೆಯ ತಿಳಿನೀರಲ್ಲೇ ಹುಟ್ಟುವಂಥದು. ನಲ್ಲಿ ನೀರು ದಿನಾ ಬಾರದ ಊರಲ್ಲಿ ಡ್ರಮ್ಮು ತುಂಬಿಡದೆ ಗತಿಯಿಲ್ಲ. ಆರೋಗ್ಯದ ಹೆಣ್ಣುಮಕ್ಕಳು ಬಂದು ನೀರು ಚೆಲ್ಲಿ ಅಂದರೆ ಜಗಳವೇ ಆಗುತ್ತದೆ. ಹೋದ ವರ್ಷ ನಮ್ಮ ಓಣಿಯ ಅಜ್ಜಿಯೊಬ್ಬರು ಹಾಗೇ ಜಗಳಕ್ಕೆ ನಿಂತಾಗ ನಾನು ಅವರ ಡ್ರಮ್ಮಿನ ಹುಳು ಸಮೇತ ಒಂದಿಷ್ಟು ನೀರನ್ನು ಗಾಜಿನ ಸೀಸೆಗೆ ಬಗ್ಗಿಸಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ಅವರ ಜಗಲಿಯ ಮೇಲೇ ಇಟ್ಟೆ. ಆರನೇ ದಿನ ಸೀಸೆಯೊಳಗೆ ಸೊಳ್ಳೆ ಹಾರಾಡುತ್ತಿದ್ದವು. ಅಜ್ಜಿ ತೆಲುಗಿನಲ್ಲಿ ನನಗೆ ಎರಡು ಬೈದು, ಒಳಗೆ ಹೋಗಿ ಡ್ರಮ್ಮು ಉರುಳಿಸಿದರು. ಈಗ ವಾರಕ್ಕೊಮ್ಮೆ ಡ್ರಮ್ಮನ್ನು ತಿಕ್ಕಿ ಒಣಗಿಸಿ, ಬಟ್ಟೆ ಕಟ್ಟಿ ಇಡುತ್ತಾರೆ. ಪಕ್ಕದ ಮನೆಯವರಿಗೂ ಅವರೇ ಹೇಳುತ್ತಾರೆ.